ಒಂದೇ ಕಡೆಯ ಸೈನಸ್

ಹುಲಿಯೂರುದುರ್ಗದ ಸುತ್ತ ರಾಗಿ ಸುಗ್ಗಿ ಬಂತೆಂದರೆ ಟಾರು ರಸ್ತೆಯೇ ಕಣ. ತೆನೆ ಹರಡುತ್ತಾರೆ, ಬಸ್ಸು ಲಾರಿ ಹಾಯ್ದ ಮೇಲೆ ಹುಲ್ಲು ಕೊಡವಿ ಅಲ್ಲೇ ತೂರುತ್ತಾರೆ. ಆ ಹೊಟ್ಟಿನ ದೂಳಿಗೆ ಸಂಕ್ರಾಂತಿಯವರೆಗೂ ನನಗೆ ಮೂಗು ಕಟ್ಟುವುದು ವರ್ಷವೂ ಇದ್ದದ್ದೇ. ಆದರೆ ಆ ವರ್ಷ ಯುಗಾದಿ ಬಂದರೂ ಬಿಡಲಿಲ್ಲ. ಬಲಗೆನ್ನೆ ಭಾರ, ಬಗ್ಗಿದರೆ ಕಣ್ಣ ಕೆಳಗೆ ಸಿಡಿತ, ಗಂಟಲಿಗೆ ಇಳಿಯುವ ಕಫಕ್ಕೆ ಕೊಳೆತ ವಾಸನೆ.

ನೀಲಗಿರಿ ಎಣ್ಣೆ ಹಾಕಿ ಹಬೆ ತಗೊಂಡೆ. ಮೆಡಿಕಲ್ ಶಾಪಿನಿಂದ ಮೂಗಿನ ಡ್ರಾಪ್ಸ್ ತಂದು ಎರಡು ತಿಂಗಳು ಹಾಕಿದೆ. ಅದು ನಾನು ಮಾಡಿದ ದೊಡ್ಡ ತಪ್ಪು. ಕಟ್ಟಿದ ಮೂಗು ಬಿಡಿಸುವ ಅಂಥ ಹನಿಯನ್ನು ಐದು ದಿನ ದಾಟಿಸಿದರೆ, ಅದರ ಬಲ ಇಳಿದೊಡನೆ ಒಳಪೊರೆ ಇನ್ನಷ್ಟು ಊದಿಕೊಳ್ಳುತ್ತದೆ.

"ಅಣ್ಣ, ಒಂದ್ಸಲ ಇಲ್ಲಿ ತೋರ್ಸು ಬಾ" ಎಂದು ಬೆಂಗಳೂರಿನ ತಂಗಿ ಆಸ್ಟಿಯೋಪಥಿಗೆ ಕರೆದೊಯ್ದಳು. ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್ 1874ರಲ್ಲಿ ಶುರುಮಾಡಿದ ಕೈಚಿಕಿತ್ಸೆ ಅದು. ಮಲಗಿಸಿ, ತಲೆಬುರುಡೆಯ ಬುಡಕ್ಕೆ ಬೆರಳು ಕೊಟ್ಟು ಸುಮ್ಮನೆ ಹಿಡಿದುಕೊಂಡರು. ಆಮೇಲೆ ಹುಬ್ಬಿನ ಮೂಲೆ, ಮೂಗಿನ ಪಕ್ಕ, ಕೆನ್ನೆಮೂಳೆ ಮೆಲ್ಲಗೆ ಒತ್ತಿ, ಕತ್ತಿನಿಂದ ಕೆಳಕ್ಕೆ ನೀವಿದರು. ಎದ್ದಾಗ ತಲೆ ಹಗುರ. ಆ ರಾತ್ರಿ ಬಾಯಿ ಮುಚ್ಚಿಕೊಂಡು ನಿದ್ದೆ ಮಾಡಿದೆ. ಮೂರನೇ ದಿನ ಮತ್ತೆ ಅದೇ ಭಾರ. ಐದು ಸಲ ಹೋದೆ, ಐದು ಸಲವೂ ಹೀಗೇ ಆಯಿತು. ಕತ್ತಿನ ಬಿಗಿತಕ್ಕೆ ಅದು ಹಿತವೆಂದು ಈಗಲೂ ಹೇಳುತ್ತೇನೆ. ಹಳೆಯ ಸೈನಸ್ ಅದರಿಂದ ವಾಸಿಯಾಗುತ್ತದೆ ಎನ್ನಲು ಮಾತ್ರ ಗಟ್ಟಿ ಆಧಾರವಿಲ್ಲ.

ಕೊನೆಗೆ ತುಮಕೂರಿನಲ್ಲಿ ಕಿವಿ ಮೂಗು ಗಂಟಲಿನ ವೈದ್ಯೆಗೆ ತೋರಿಸಿದೆ. "ಒಂದೇ ಕಡೆನಾ? ಆ ಕಡೆ ಮೇಲಿನ ದವಡೆ ಹಲ್ಲು ಯಾವತ್ತಾದ್ರೂ ನೋವು ಕೊಟ್ಟಿತ್ತಾ?" ಎಂದರು. ಎರಡು ವರ್ಷದ ಹಿಂದೆ ಹುಳುಕಿಗೆ ಸಿಮೆಂಟ್ ತುಂಬಿಸಿದ್ದೆ. ನೋವು ನಿಂತಿತ್ತು, ನಾನೂ ಮರೆತಿದ್ದೆ. ಸಿ.ಟಿ. ಸ್ಕ್ಯಾನಿನಲ್ಲಿ ಆ ಹಲ್ಲಿನ ಬೇರು ಕೆನ್ನೆಯ ಸೈನಸಿನ ತಳಕ್ಕೆ ತಾಗಿಕೊಂಡಿತ್ತು. ಬೇರಿನ ತುದಿಯಲ್ಲಿ ಸೋಂಕು. ನಡುವಿನ ಮೂಳೆ ಕಾಗದದಷ್ಟು ತೆಳು. ಕೆನ್ನೆಯ ಸೈನಸಿನ ಬಾಯಿ ಇರುವುದು ಮೇಲುಗಡೆ, ತೊಟ್ಟಿಯ ತೂಬು ತಳದಲ್ಲಿರದೆ ಅಂಚಿನ ಹತ್ತಿರ ಇದ್ದ ಹಾಗೆ. ಒಳಗಿನ ಸಣ್ಣ ರೋಮಗಳೇ ಲೋಳೆಯನ್ನು ಮೇಲಕ್ಕೆ ತಳ್ಳಬೇಕು. ತಳದಲ್ಲಿ ಕೀವು ಊರುತ್ತಿದ್ದರೆ ಹೊರಗಿನಿಂದ ಎಷ್ಟು ಒತ್ತಿದರೇನು?

ಹಲ್ಲಿಗೆ ರೂಟ್ ಕೆನಾಲ್ ಆಯಿತು. ಮಾತ್ರೆ ಕೊಟ್ಟರು, ದಿನವೂ ಉಪ್ಪುನೀರಿನಲ್ಲಿ ಮೂಗು ತೊಳೆಯಲು ಹೇಳಿದರು. ನಮ್ಮವರ ಜಲನೇತಿಯೇ ಅದು. ಆದರೆ ನೀರು ಕುದಿಸಿ ಆರಿಸಿದ್ದೇ ಆಗಬೇಕು. ಬೋರಿನ ನೀರು, ನಲ್ಲಿ ನೀರು, ಕೆರೆ ನೀರು ಹಾಗೇ ಬೇಡ. ಅದರಲ್ಲಿರಬಹುದಾದ ಅಮೀಬಾ ಮೂಗಿನಿಂದ ಮಿದುಳಿಗೇರಿದರೆ ಬದುಕುವವರು ಅಪರೂಪ. ಎರಡು ತಿಂಗಳಿಗೆ ಆ ಕೆಟ್ಟ ವಾಸನೆ ಹೋಯಿತು. ಈಗಲೂ ಸುಗ್ಗಿಯಲ್ಲಿ ಮೂಗು ಕಟ್ಟುತ್ತದೆ, ಬಾಯಿಗೆ ಟವೆಲ್ ಸುತ್ತಿಕೊಂಡೇ ರಾಗಿ ತೂರುತ್ತೇನೆ.

ಹನ್ನೆರಡು ವಾರ ದಾಟಿಯೂ ಸೈನಸ್ ಬಿಡದಿದ್ದರೆ ದಯವಿಟ್ಟು ತಜ್ಞರಿಗೆ ತೋರಿಸಿ. ಒಂದೇ ಕಡೆಯದಾದರೆ ಅಷ್ಟು ದಿನವೂ ಕಾಯಬೇಡಿ, ಅಲ್ಲಿ ಗೆಡ್ಡೆಯೂ ಇರಬಹುದು. ಹೋದಾಗ ಹಳೇ ಹಲ್ಲಿನ ಮಾತನ್ನು ಅವರು ಕೇಳದಿದ್ದರೂ ನೀವೇ ಎತ್ತಿ.