ಗೇಮಿಂಗ್ ಲ್ಯಾಪ್‌ಟಾಪ್: ಲಕ್ಷ ಎಣಿಸುವ ಮುಂಚೆ

ಒಂದು ಮಗ್ಗುಲಿಗೆ ಗೋಕುಲಂನ ವಿದ್ಯಾವರ್ಧಕ ಎಂಜಿನಿಯರಿಂಗ್ ಕಾಲೇಜು, ಇನ್ನೊಂದು ಮಗ್ಗುಲಿಗೆ ಹೆಬ್ಬಾಳದ ಇನ್ಫೊಸಿಸ್. ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಸಿಇಟಿ ಸೀಟು ಖಾತ್ರಿಯಾದ ಮೇಲೆ ಮನೆಯಲ್ಲಿ ಏಳುವ ಮಾತು ಇದು: “ಅಪ್ಪಾ, ಗೇಮಿಂಗ್ ಲ್ಯಾಪ್‌ಟಾಪೇ ಬೇಕು.” “ಓದೋಕೆ ಗೇಮ್ ಯಾಕೋ?” ಇಬ್ಬರದ್ದೂ ನ್ಯಾಯವೇ. ಈ ಯಂತ್ರದಲ್ಲಿ ನೀವು ದುಡ್ಡು ಕೊಡುವುದು ಎರಡಕ್ಕೆ: ಗ್ರಾಫಿಕ್ಸ್ ಶಕ್ತಿಗೆ, ಅದನ್ನು ಹೊತ್ತು ತಿರುಗುವ ಅನುಕೂಲಕ್ಕೆ. ಎರಡೂ ಬೇಕಿದ್ದವರಿಗಷ್ಟೇ ಅದು ದಕ್ಕುತ್ತದೆ.

1. ಮೊದಲು ಸಾಫ್ಟ್‌ವೇರ್‌ಗಳ ಹೆಸರು ಬರೆಯಿರಿ. ಸಿ, ಪೈಥಾನ್, ಎರಡು ಆಯಾಮದ ಆಟೋಕ್ಯಾಡ್ ಇಷ್ಟೇ ಆದರೆ 16 ಜಿಬಿ ರ‍್ಯಾಮ್ ಇರುವ ಸಾಧಾರಣ ಲ್ಯಾಪ್‌ಟಾಪ್ ಧಾರಾಳ. ಬ್ಲೆಂಡರ್, ಅನ್‌ರಿಯಲ್ ಎಂಜಿನ್, ಡವಿಂಚಿ ರಿಸಾಲ್ವ್ ಇದ್ದರೆ ಗ್ರಾಫಿಕ್ಸ್ ಕಾರ್ಡ್ ನಿಜಕ್ಕೂ ದುಡಿಯುತ್ತದೆ. ಮಷಿನ್ ಲರ್ನಿಂಗ್ ಕಲಿಯುವವರು ಮೊದಲು ಗೂಗಲ್ ಕೊಲ್ಯಾಬ್‌ನ ಉಚಿತ ಜಿಪಿಯು ಬಳಸಿ ನೋಡಲಿ. ಅದರ ಮಿತಿ ಮತ್ತೆ ಮತ್ತೆ ಕಾಡಿದಾಗ ಖರೀದಿ ಯೋಚಿಸಿದರಾಯಿತು.

2. “ಆಡಿ ಹೆಸರು ಮಾಡ್ತೀನಿ” ಅಂದರೆ, ಯಾವ ಆಟ ಅಂತ ಕೇಳಿ. ಬಿಜಿಎಂಐ ಮೊಬೈಲಿನ ಆಟ. ಅದಕ್ಕೆ ಲ್ಯಾಪ್‌ಟಾಪೇ ಬೇಡ. ವ್ಯಾಲರೆಂಟ್ ಕಡಿಮೆ ಶಕ್ತಿಯ ಯಂತ್ರದಲ್ಲೂ ಓಡುತ್ತದೆ. ಹಣ ಕಟ್ಟಿ ಆಡುವ ಆಟಗಳನ್ನಂತೂ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದೆ.

3. ಲ್ಯಾಪ್‌ಟಾಪ್ ಮೇಜು ಬಿಟ್ಟು ಎದ್ದೇಳುತ್ತದೆಯೇ? ಎರಡೂಕಾಲು ಕಿಲೋ ಯಂತ್ರ, ಜೊತೆಗೆ ಅರ್ಧ ಕಿಲೋಗೂ ಮಿಕ್ಕಿದ ಅಡಾಪ್ಟರ್. ಪ್ಲಗ್ ತೆಗೆದರೆ ವೇಗ ಇಳಿಯುತ್ತದೆ. ಆಟ ಆಡಿದರೆ ಬ್ಯಾಟರಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ವಾರಾಂತ್ಯಕ್ಕೆ ಊರಿಗೆ ಹೋಗಿಬರುವ ಬಾಡಿಗೆ ರೂಮಿನ ಹುಡುಗನಿಗೆ ಈ ಭಾರ ಸಾರ್ಥಕ. ಮನೆಯಲ್ಲೇ ಇರುವವನಿಗೆ ಅದೇ ದುಡ್ಡಿನ ಡೆಸ್ಕ್‌ಟಾಪ್ ಮೇಲು: ತಣ್ಣಗಿರುತ್ತದೆ, ನಾಲ್ಕು ವರ್ಷದ ಮೇಲೆ ಕಾರ್ಡ್ ಮಾತ್ರ ಬದಲಿಸಬಹುದು. (ಕರೆಂಟು ಹೋದಾಗ ಮಾತ್ರ ಲ್ಯಾಪ್‌ಟಾಪ್ ಗೆಲ್ಲುತ್ತದೆ. ಯುಪಿಎಸ್ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.)

4. ಕಾರ್ಡಿನ ಹೆಸರಿಗೆ ಮರುಳಾಗಬೇಡಿ, ವ್ಯಾಟ್ ಕೇಳಿ. ಕಾಸಿಗೆ ತಕ್ಕ ಕಜ್ಜಾಯ ಅನ್ನುತ್ತಾರೆ. ಇಲ್ಲಿ ಒಂದೇ ಹೆಸರಿನ ಕಜ್ಜಾಯ ಬೇರೆ ಬೇರೆ ತೂಕದಲ್ಲಿ ಸಿಗುತ್ತದೆ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060ಕ್ಕೆ ಎನ್‌ವಿಡಿಯಾ 35ರಿಂದ 115 ವ್ಯಾಟ್‌ವರೆಗೆ ಅವಕಾಶ ಕೊಟ್ಟಿದೆ. ತೆಳ್ಳಗಿನ ಮೈಯೊಳಗೆ ಕಡಿಮೆ ವ್ಯಾಟ್‌ನಲ್ಲಿ ಕೂತ 4060, ಪೂರ್ತಿ ವ್ಯಾಟ್ ಸಿಕ್ಕ 4060ಕ್ಕಿಂತ ಎಷ್ಟೋ ಹಿಂದೆ ಬೀಳುತ್ತದೆ. ಡೆಸ್ಕ್‌ಟಾಪ್ ಹೆಸರಿಗೂ ಹೋಲಿಸಬೇಡಿ: ಅಲ್ಲಿನ 4070ಯಲ್ಲಿ 12 ಜಿಬಿ ಮೆಮೊರಿ, ಲ್ಯಾಪ್‌ಟಾಪಿನ 4070ಯಲ್ಲಿ 8. ಮಾದರಿಯ ಪೂರ್ತಿ ಸಂಖ್ಯೆ ಬರೆದುಕೊಂಡು ಬಂದು, ಕಂಪನಿಯ ವಿವರಪಟ್ಟಿಯಲ್ಲಿ ‘ಟಿಜಿಪಿ’ (ಕಾರ್ಡಿಗೆ ಸಿಗುವ ವ್ಯಾಟ್) ಎಷ್ಟಿದೆ ನೋಡಿ. ಅಂಗಡಿಯವರು ಇದನ್ನು ತಾವಾಗಿ ಹೇಳುವುದು ಅಪರೂಪ.

5. ಪರದೆ: 144 ಹರ್ಟ್ಸ್ ಅಂದಾಕ್ಷಣ ಖುಷಿಪಡಬೇಡಿ. ಡಿಸೈನ್ ಓದುವವರಿಗೆ ಆ ವೇಗಕ್ಕಿಂತ ಶೇ. 100 ಎಸ್‌ಆರ್‌ಜಿಬಿ ಬಣ್ಣವ್ಯಾಪ್ತಿ ಮುಖ್ಯ.

6. ಕರೆಂಟು ಬಿಲ್ಲನ್ನೂ ಓದಿ. 150 ವ್ಯಾಟ್‌ನಂತೆ ದಿನಕ್ಕೆ ನಾಲ್ಕು ಗಂಟೆ ಆಡಿದರೆ ತಿಂಗಳಿಗೆ 18 ಯೂನಿಟ್. ಗೃಹಜ್ಯೋತಿಯ ಉಚಿತ ಮಿತಿ ಸಾಮಾನ್ಯವಾಗಿ ನಿಮ್ಮ 2022-23ರ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿ ನಿಂತಿದೆ. ಸರಾಸರಿ 60 ಇದ್ದ ಮನೆಗೆ 66 ಉಚಿತ. ಹಳೇ ಬಳಕೆಗೆ ಈ 18 ಸೇರಿದರೆ 78, ಅಂದರೆ 12 ಯೂನಿಟ್‌ಗೆ ನೀವೇ ಕಟ್ಟಬೇಕು. ಮೊತ್ತ ದೊಡ್ಡದಲ್ಲ. ಆದರೆ ಯೋಜನೆಯ ಗರಿಷ್ಠ ಮಿತಿಯಾದ 200 ಯೂನಿಟ್‌ನ ಹತ್ತಿರ ಇರುವ ಮನೆ ಅದನ್ನು ದಾಟಿದರೆ ಪೂರ್ತಿ ಬಿಲ್ಲೇ ಬರುತ್ತದೆ.

7. ‘ನೋ ಕಾಸ್ಟ್ ಇಎಂಐ’ಯಲ್ಲೂ ಸಂಸ್ಕರಣಾ ಶುಲ್ಕ, ಬಡ್ಡಿಯ ಮೇಲಿನ ಜಿಎಸ್‌ಟಿ ಇರುತ್ತವೆ. ನಗದಿಗೆ ಎಷ್ಟು ಬಿಡುತ್ತೀರಿ ಅಂತ ಕೇಳಿಯೇ ಹೋಲಿಸಿ.

8. ಗ್ರಾಫಿಕ್ಸ್ ಚಿಪ್ ಮದರ್‌ಬೋರ್ಡಿಗೇ ಬೆಸೆದಿರುತ್ತದೆ. ಕೆಟ್ಟರೆ ಸಾಮಾನ್ಯವಾಗಿ ಬೋರ್ಡೇ ಬದಲು. ಒಂದು ವರ್ಷದ ವಾರಂಟಿ ಸಾಲದು. ಚೀಲ, ಮೌಸು ಉಚಿತ ಅನ್ನುವ ಅಂಗಡಿಗಿಂತ ಮೂರು ವರ್ಷದ ವಾರಂಟಿಗೆ ರಿಯಾಯಿತಿ ಕೊಡುವ ಅಂಗಡಿ ವಾಸಿ. ಸರ್ವಿಸ್ ಸೆಂಟರ್ ಮೈಸೂರಿನಲ್ಲೇ ಇದೆಯೋ, ಬೆಂಗಳೂರಿಗೆ ಕಳಿಸುತ್ತಾರೋ ವಿಚಾರಿಸಿ.

9. ತಂದ ದಿನವೇ ಭಾರಿ ಆಟವೊಂದನ್ನು ಹಾಕಿ ಅರ್ಧ ಗಂಟೆ ಓಡಿಸಿ. ಹಾಸಿಗೆ ಮೇಲಲ್ಲ, ಮೇಜಿನ ಮೇಲೆ. ಹತ್ತನೇ ನಿಮಿಷದ ವೇಗ ಮೂವತ್ತನೇ ನಿಮಿಷಕ್ಕೂ ಉಳಿದಿದೆಯೇ, ಫ್ಯಾನ್ ಸದ್ದಿನಲ್ಲಿ ಪಕ್ಕದವರು ಓದಬಲ್ಲರೇ, ಪರದೆಯಲ್ಲಿ ಸತ್ತ ಚುಕ್ಕೆ ಇದೆಯೇ ನೋಡಿ. ಯಾವುದಾದರೂ ಸರಿಯಿಲ್ಲವೆನಿಸಿದರೆ ಬಿಲ್ಲು, ಡಬ್ಬ ಎರಡನ್ನೂ ಹಿಡಿದು ಅಂಗಡಿಗೆ ಹೊರಡಿ, ಬದಲಿಸಿಕೊಡುವ ಗಡುವು ಮುಗಿಯುವ ಮೊದಲೇ.