ಏಸಿಗೆ ಗ್ಯಾಸ್ ತುಂಬಿಸುವ ಮೊದಲು

ಮಾರ್ಚ್ ಬಂತೆಂದರೆ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಏಸಿ ಮೆಕ್ಯಾನಿಕ್‌ಗಳಿಗೆ ಕೈತುಂಬ ಕೆಲಸ. ಶಿಗ್ಗಾವಿ, ಸವಣೂರಿನಂಥ ಊರುಗಳಲ್ಲೂ ಏಸಿ ಈಗ ಬ್ಯಾಂಕು, ಬಂಗಾರದ ಅಂಗಡಿ ದಾಟಿ ಮಲಗುವ ಕೋಣೆಗೆ ಬಂದಿದೆ. ಮನೆಯವರ ದೂರು ಒಂದೇ: "ತಂಪ ಆಗವಲ್ದು." ಉತ್ತರವೂ ಬಹಳ ಸಲ ಒಂದೇ: "ಗ್ಯಾಸ್ ಖಾಲಿ ಆಗೇತ್ರಿ, ತುಂಬಿದ್ರ ಸರಿ ಹೊಕ್ಕೈತಿ." ಆ ಮಾತಿಗೆ ಹೂಂ ಅನ್ನುವ ಮೊದಲು ತಿಳಿದಿರಬೇಕಾದದ್ದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ. ಗ್ಯಾಸ್ ತುಂಬುವುದು ತರಬೇತಿ ಪಡೆದವರ ಕೆಲಸ. ಸರಿಯಾಗಿ ತುಂಬಿಸಿಕೊಳ್ಳುವುದು ನಿಮ್ಮ ಕೆಲಸ.

ಮೊದಲಿಗೆ ಒಂದು ತಿಳಿವಳಿಕೆ. ಅಡುಗೆಮನೆಯ ಗ್ಯಾಸ್ ಉರಿದು ಮುಗಿಯುತ್ತದೆ, ಏಸಿಯ ಗ್ಯಾಸ್ ಹಾಗೆ ಖರ್ಚಾಗುವುದಿಲ್ಲ. ಅದು ಮುಚ್ಚಿದ ತಾಮ್ರದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕೋಣೆಯೊಳಗಿನ ಕಾಯಿಲ್‌ನಲ್ಲಿ ಆವಿಯಾಗುತ್ತ ಶಾಖ ಹೀರಿಕೊಳ್ಳುತ್ತದೆ, ಹೊರಗಿನ ಯೂನಿಟ್‌ನಲ್ಲಿ ಮತ್ತೆ ದ್ರವವಾಗುತ್ತ ಅದನ್ನು ಬಿಟ್ಟುಕೊಡುತ್ತದೆ. ಹತ್ತು ವರ್ಷವಾದರೂ ಅದೇ ಗ್ಯಾಸ್ ಸಾಕು. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆ ಮುಚ್ಚದೆ ತುಂಬಿಸಿದರೆ ಪಂಕ್ಚರ್ ತಿದ್ದದೆ ಸೈಕಲ್ಲಿಗೆ ಗಾಳಿ ಹೊಡೆದಂತೆ, ಮುಂದಿನ ಬೇಸಿಗೆಗೆ ಮತ್ತೆ ಅದೇ ಖರ್ಚು.

ಹಂತ 1: ತೊಂದರೆ ಗ್ಯಾಸಿನದೇ ಹೌದೋ ನೋಡಿ

ಒಳಗಿನ ಯೂನಿಟ್‌ನ ಫಿಲ್ಟರ್ ತೆಗೆದು ತೊಳೆಯಿರಿ. ಮುಖ್ಯ ಸ್ವಿಚ್ ಬಂದ್ ಮಾಡಿ ಹೊರಗಿನ ಯೂನಿಟ್‌ನ ಬೆನ್ನು ನೋಡಿ. ಗೋವಿನಜೋಳದ ರಾಶಿ ನಡೆಯುವ ದಿನಗಳಲ್ಲಿ ಹೊಟ್ಟು, ಧೂಳು ಅಲ್ಲಿ ದಪ್ಪಗೆ ಕೂತಿರುತ್ತದೆ. ಅದಿದ್ದರೆ ಶಾಖ ಹೊರಹೋಗುವುದಿಲ್ಲ, ಗ್ಯಾಸ್ ಪೂರ್ತಿ ಇದ್ದರೂ ಕೋಣೆ ತಣ್ಣಗಾಗುವುದಿಲ್ಲ. ಹೆಸ್ಕಾಂ ವೋಲ್ಟೇಜ್ ಸಂಜೆ ಇಳಿಯುವ ಓಣಿಯಾದರೆ ಅದನ್ನೂ ಪರೀಕ್ಷಿಸಿ.

ಇಷ್ಟೆಲ್ಲ ಮಾಡಿ 15 ನಿಮಿಷ ಓಡಿಸಿದ ಮೇಲೆ, ಯಂತ್ರ ಒಳಗೆಳೆದುಕೊಳ್ಳುವ ಗಾಳಿಗೂ ಹೊರಬಿಡುವ ಗಾಳಿಗೂ ಸುಮಾರು 10 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಇದ್ದರೆ ಗ್ಯಾಸಿಗೆ ಕೈಹಾಕಬೇಡಿ. ವ್ಯತ್ಯಾಸ ತೀರ ಕಡಿಮೆಯಿದ್ದು, ಪೈಪಿನ ಮೇಲೆ ಮಂಜುಗಡ್ಡೆ ಕಟ್ಟಿ, ನಟ್ಟಿನ ಸುತ್ತ ಎಣ್ಣೆಯ ಜಿಡ್ಡು ಕಂಡರೆ ಸೋರಿಕೆಯ ಅನುಮಾನ ಗಟ್ಟಿ. ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಸುತ್ತುವುದರಿಂದ ಸೋರಿದ ಜಾಗದಲ್ಲಿ ಅದರ ಗುರುತು ಉಳಿಯುತ್ತದೆ.

ಹಂತ 2: ಹೊರಗಿನ ಯೂನಿಟ್‌ನ ಪಟ್ಟಿ ಓದಿ, ಫೋಟೊ ತೆಗೆದಿಡಿ

ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಅಲ್ಲಿ ಬರೆದಿರುತ್ತದೆ. ನಮ್ಮ ಮನೆಗಳಲ್ಲಿ ಸಿಗುವುದು ನಾಲ್ಕು ಬಗೆ.

ಹಳೆಯ ಏಸಿಗಳಲ್ಲಿ ಆರ್-22. ಇದು ಓಝೋನ್ ಪದರವನ್ನು ತಿನ್ನುವ ಗ್ಯಾಸ್. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು. ಅದರಂತೆ 2025ರಿಂದ ನಮ್ಮ ದೇಶದಲ್ಲಿ ಆರ್-22 ಬಳಸುವ ಹೊಸ ಯಂತ್ರಗಳ ತಯಾರಿಕೆ ನಿಂತಿದೆ. ಹಳೆಯವುಗಳ ರಿಪೇರಿಗೆ ಗ್ಯಾಸ್ ಇನ್ನೂ ಸಿಗುತ್ತದೆ, ಆದರೆ ವರ್ಷ ಕಳೆದಂತೆ ಕಡಿಮೆಯಾಗಲಿದೆ. ಅದರ ನಂತರ ಬಂದದ್ದು ಆರ್-410ಎ. ಇದು ಓಝೋನಿಗೆ ತೊಂದರೆ ಕೊಡದಿದ್ದರೂ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಆರ್-22ಕ್ಕಿಂತ ಒಂದು ಕೈ ಮುಂದು. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಆರ್-32. ಗೋದ್ರೆಜ್‌ನ ಕೆಲವು ಮಾದರಿಗಳಲ್ಲಿ ಆರ್-290, ಅಂದರೆ ಪ್ರೊಪೇನ್ ಇದೆ.

ಒಂದು ಕಿಲೋ ಆರ್-22 ಗಾಳಿಗೆ ಹೋದರೆ ನೂರು ವರ್ಷದ ಲೆಕ್ಕದಲ್ಲಿ ಸುಮಾರು 1,800 ಕಿಲೋ ಕಾರ್ಬನ್ ಡೈಆಕ್ಸೈಡಿನಷ್ಟು ಬಿಸಿ ಹೆಚ್ಚಿಸುತ್ತದೆ. ಆರ್-410ಎ ಆದರೆ 2,088 ಕಿಲೋ, ಆರ್-32 ಆದರೆ 675. ಪ್ರೊಪೇನಿನದು ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಮಾಂಟ್ರಿಯಲ್ ಒಪ್ಪಂದಕ್ಕೆ 2016ರಲ್ಲಿ ಆದ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಒಪ್ಪಿಕೊಂಡಿದೆ. ಅದರಂತೆ ಆರ್-410ಎ, ಆರ್-32ರ ಗುಂಪಿನ ಗ್ಯಾಸ್‌ಗಳ ಬಳಕೆಯನ್ನು 2032ರಿಂದ ಇಳಿಸುತ್ತ ಹೋಗಿ 2047ಕ್ಕೆ ಶೇ 85ರಷ್ಟು ತಗ್ಗಿಸಬೇಕಿದೆ. ಹೊಸ ಏಸಿ ಕೊಳ್ಳುವವರು ಸ್ಟಾರ್ ನೋಡುವಂತೆ ಗ್ಯಾಸಿನ ಹೆಸರನ್ನೂ ನೋಡಬೇಕು.

ಹಂತ 3: ಗ್ಯಾಸಿನ ಜಾತಿ ಬದಲಿಸಲು ಒಪ್ಪಬೇಡಿ

ಮನೆಯವರು ಹೆಚ್ಚು ಮೋಸಹೋಗುವುದು ಇಲ್ಲಿ. "ಆರ್-22 ತುಟ್ಟಿ ಆಗೇತಿ, ಬ್ಯಾರೆ ಗ್ಯಾಸ್ ಹಾಕತೇನಿ" ಎಂದರೆ ಬೇಡವೆನ್ನಿ. ಆರ್-410ಎ, ಆರ್-32 ಎರಡರ ಒತ್ತಡವೂ ಆರ್-22ಕ್ಕಿಂತ ಸುಮಾರು ಒಂದೂವರೆ ಪಟ್ಟು ಮೀರಿರುತ್ತದೆ. ಹಳೆಯ ಕಂಪ್ರೆಸರ್, ಕಾಯಿಲ್‌ಗಳು ಅದನ್ನು ತಾಳಲೆಂದು ಮಾಡಿದವಲ್ಲ. ಎಣ್ಣೆಯೂ ಬೇರೆ: ಆರ್-22ಕ್ಕೆ ಖನಿಜ ಎಣ್ಣೆ, ಹೊಸ ಗ್ಯಾಸ್‌ಗಳಿಗೆ ಸಂಶ್ಲೇಷಿತ ಎಣ್ಣೆ. ಎರಡೂ ಹೊಂದುವುದಿಲ್ಲ, ಕಂಪ್ರೆಸರ್ ಎಣ್ಣೆ ಸಾಲದೆ ಕೆಡುತ್ತದೆ.

ಇದಕ್ಕಿಂತ ಅಪಾಯದ್ದು ಪ್ರೊಪೇನ್, ಬ್ಯೂಟೇನ್ ಮಿಶ್ರಣವನ್ನೋ ಅಡುಗೆ ಗ್ಯಾಸನ್ನೋ ಆರ್-22 ಯಂತ್ರಕ್ಕೆ ತುಂಬುವುದು. ಆರಂಭದಲ್ಲಿ ಚೆನ್ನಾಗಿಯೇ ತಂಪಾಗುತ್ತದೆ. ಆದರೆ ಪ್ರೊಪೇನಿಗೆಂದೇ ಮಾಡಿದ ಏಸಿಯಲ್ಲಿ ಗ್ಯಾಸ್ ಕೆಲವೇ ನೂರು ಗ್ರಾಂ ಇರುತ್ತದೆ, ಕಿಡಿ ಹಾರದಂಥ ಬಿಡಿಭಾಗಗಳಿರುತ್ತವೆ. ನಿಮ್ಮ ಹಳೆಯ ಯಂತ್ರದಲ್ಲಿ ಅವು ಇಲ್ಲ. ಮುಚ್ಚಿದ ಕೋಣೆಯಲ್ಲಿ ಸೋರಿದರೆ ಒಂದು ಸ್ವಿಚ್ಚಿನ ಕಿಡಿ ಸಾಕು. ಮಕ್ಕಳು ಮಲಗುವ ಕೋಣೆಯಲ್ಲಿ ಅಂಥದ್ದಕ್ಕೆ ಎಡೆ ಕೊಡಬೇಡಿ.

ನನ್ನ ಅಭಿಪ್ರಾಯ ಹೀಗೆ: ಆರ್-22 ಏಸಿಯಲ್ಲಿ ನಟ್ಟೊಂದು ಸಡಿಲಾಗಿದ್ದರೆ ಬಿಗಿ ಮಾಡಿಸಿ ಆರ್-22 ಅನ್ನೇ ತುಂಬಿಸಿ ಓಡಿಸಿ. ಕಾಯಿಲ್ ತೂತಾಗಿದ್ದರೆ ಅಥವಾ ಕಂಪ್ರೆಸರ್ ಹೋಗಿದ್ದರೆ ಅದಕ್ಕೆ ದುಡ್ಡು ಸುರಿಯದೆ ಹೊಸದನ್ನು ಕೊಳ್ಳಿ, ತಾಮ್ರದ ಪೈಪನ್ನೂ ಹೊಸದಾಗಿಯೇ ಹಾಕಿಸಿ.

ಹಂತ 4: ಸೋರಿಕೆಯನ್ನು ಕಣ್ಣಾರೆ ತೋರಿಸಿ ಅನ್ನಿ

ಕೊಳವೆಗೆ ನೈಟ್ರೋಜನ್ ಒತ್ತಡ ಕೊಟ್ಟು, ಜೋಡಣೆಗಳಿಗೆ ಸಾಬೂನಿನ ನೀರು ಸವರಿದರೆ ಗುಳ್ಳೆ ಏಳುತ್ತದೆ. ಒತ್ತಡ ಕೊಡಲು ಆಕ್ಸಿಜನ್ ಸಿಲಿಂಡರ್ ತಂದರೆ ಕೂಡಲೇ ತಡೆಯಿರಿ. ಬೆಸುಗೆಗೆ ಬಳಸುವ ಆ ಆಕ್ಸಿಜನ್ ಒಳಗಿನ ಎಣ್ಣೆಯ ಜೊತೆ ಸೇರಿದರೆ ಸ್ಫೋಟವಾಗುತ್ತದೆ.

ದನದ ಕೊಟ್ಟಿಗೆ, ತಿಪ್ಪೆಯ ಪಕ್ಕ ಹೊರಗಿನ ಯೂನಿಟ್ ಕೂರಿಸಿದ್ದರೆ ಜಾಗ ಬದಲಿಸಿ. ಗಂಜಲದಿಂದೇಳುವ ಅಮೋನಿಯ ತಾಮ್ರವನ್ನೂ ಹಿತ್ತಾಳೆಯ ನಟ್ಟನ್ನೂ ತಿನ್ನುತ್ತದೆ. ಹಿತ್ತಲಲ್ಲಿ ದನ ಕಟ್ಟುವ ನಮ್ಮ ಕಡೆಯ ಮನೆಗಳಲ್ಲಿ ಇದು ಸಣ್ಣ ಮಾತಲ್ಲ.

ಹಂತ 5: ತುಂಬುವಾಗ ಹತ್ತಿರವಿದ್ದು ನೋಡಿ

ಕಿಟಕಿ, ಬಾಗಿಲು ತೆರೆದಿಡಿ. ದೇವರ ದೀಪ, ಊದಿನಕಡ್ಡಿ, ಬೀಡಿ, ಸಿಗರೇಟು ಯಾವುದೂ ಬೇಡ. ಆರ್-32ಕ್ಕೆ ಸ್ವಲ್ಪ ಮಟ್ಟಿಗೆ ಬೆಂಕಿ ಹತ್ತುತ್ತದೆ, ಉರಿದರೆ ಅದರ ಹೊಗೆ ವಿಷ.

ಮೆಕ್ಯಾನಿಕ್ ಎರಡು ಸಾಮಾನು ತಂದಿರಲೇಬೇಕು: ವ್ಯಾಕ್ಯೂಮ್ ಪಂಪ್ ಮತ್ತು ತೂಕದ ಯಂತ್ರ. ಪಂಪನ್ನು ಕನಿಷ್ಠ 20ರಿಂದ 30 ನಿಮಿಷ ಓಡಿಸಿ ಒಳಗಿನ ಗಾಳಿ, ತೇವ ಹೊರತೆಗೆಯಬೇಕು. ಹಾನಗಲ್ಲಿನಂಥ ಮಲೆನಾಡಿನ ಅಂಚಿನ ಊರಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ತೇವ ಹೆಚ್ಚು. ಅದು ಒಳಗುಳಿದರೆ ಎಣ್ಣೆಯನ್ನು ಆಮ್ಲ ಮಾಡುತ್ತದೆ. ಪಂಪ್ ಇಲ್ಲದೆ ಸ್ವಲ್ಪ ಗ್ಯಾಸನ್ನೇ ಬಿಟ್ಟು ಗಾಳಿ ಹೊರದಬ್ಬುವ ರೂಢಿ ಸರಿಯಲ್ಲ. ಆಮೇಲೆ ಸಿಲಿಂಡರನ್ನು ತೂಕಕ್ಕಿಟ್ಟು ಪಟ್ಟಿಯಲ್ಲಿರುವಷ್ಟೇ ಗ್ರಾಂ ತುಂಬಬೇಕು. ಪೈಪು ಉದ್ದವಿದ್ದರೆ ಮೀಟರಿಗೆ ಎಷ್ಟು ಸೇರಿಸಬೇಕೆಂಬುದು ಕಂಪನಿಯ ಪುಸ್ತಿಕೆಯಲ್ಲಿದೆ. ಹೆಚ್ಚು ತುಂಬಿದರೂ ತಂಪು ಕಡಿಮೆಯಾಗುತ್ತದೆ, ಕರೆಂಟ್ ಬಿಲ್ಲು ಏರುತ್ತದೆ.

ಹಂತ 6: ರಸೀದಿ

ಗ್ಯಾಸಿನ ಹೆಸರು, ಗ್ರಾಂ, ಸೋರಿಕೆ ಸರಿಪಡಿಸಿದ ಜಾಗ, ದಿನಾಂಕ ಬರೆಸಿಕೊಳ್ಳಿ. ವಾರಂಟಿ ಇದ್ದರೆ ಗ್ಯಾಸ್ ಅದರಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿ.

ಹಂತ 7: ಮನೆ ಬದಲಿಸುವಾಗ, ಏಸಿ ಮಾರುವಾಗ

ವರ್ಗವಾಗಿ ಸವಣೂರಿನಿಂದ ಇನ್ನೊಂದು ಊರಿಗೆ ಹೋಗುವ ಶಿಕ್ಷಕರು, ಬ್ಯಾಂಕಿನವರು ಬಾಡಿಗೆ ಮನೆಯ ಏಸಿ ಬಿಚ್ಚಿಸುವಾಗ "ಪಂಪ್‌ಡೌನ್ ಮಾಡಿ" ಎಂದು ಕೇಳಬೇಕು. ಯಂತ್ರ ಓಡುತ್ತಿರುವಾಗ ಸಣ್ಣ ಪೈಪಿನ ವಾಲ್ವ್ ಮುಚ್ಚಿದರೆ ಗ್ಯಾಸೆಲ್ಲ ಹೊರಗಿನ ಯೂನಿಟ್‌ಗೆ ಸೇರುತ್ತದೆ. ಆಮೇಲೆ ದೊಡ್ಡ ಪೈಪಿನ ವಾಲ್ವ್ ಮುಚ್ಚಿ ಯಂತ್ರ ನಿಲ್ಲಿಸಿದರೆ ಗ್ಯಾಸ್ ಅಲ್ಲೇ ಉಳಿಯುತ್ತದೆ, ಹೊಸ ಮನೆಯಲ್ಲಿ ಅದೇ ಸಾಕು. ಇದನ್ನು ನೀವೇ ಮಾಡಲು ಹೋಗಬೇಡಿ. ಆ ವೇಳೆ ಗಾಳಿ ಒಳಹೊಕ್ಕರೆ ಕಂಪ್ರೆಸರ್ ಸಿಡಿಯಬಹುದು.

ಹಳೆಯ ಏಸಿಯನ್ನು ಗುಜರಿಗೆ ಹಾಕಿದರೆ ತಾಮ್ರದಾಸೆಗೆ ಪೈಪು ಕತ್ತರಿಸುತ್ತಾರೆ, ಗ್ಯಾಸ್ ಅಷ್ಟೂ ಗಾಳಿಪಾಲು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಏಸಿಯೂ ಬರುತ್ತದೆ. ಹೊಸ ಏಸಿ ಕೊಳ್ಳುವಾಗ ಹಳೆಯದನ್ನು ಕಂಪನಿಯ ಮೂಲಕವೇ ಹಿಂತಿರುಗಿಸಿ. ಅದಾಗದಿದ್ದರೆ, ಗುಜರಿಯವರ ಕೈಗೆ ಕೊಡುವ ಮುನ್ನ ಒಳಗಿನ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಳ್ಳುವ ರಿಕವರಿ ಯಂತ್ರ ಇರುವ ಮೆಕ್ಯಾನಿಕ್‌ನನ್ನು ಹುಡುಕಿ ಕರೆಸಿ.