ಕೆಲಸ ಹಿಡಿಯುವ ಮುನ್ನ ‘ಸರಿ’ ಅನ್ನಿಸಿಕೊಳ್ಳಿ

ದಾವಣಗೆರೆಯ ಸಹೋದರಿಗೆ,

ಆರು ವರ್ಷ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಡಿಸೈನ್ ಮಾಡಿ ಪಳಗಿದ ಕೈ ನಿಮ್ಮದು. ನೌಕರಿ ಬಿಟ್ಟು ಸ್ವಂತವಾಗಿ ಡಿಸೈನ್ ಮಾಡಹೊರಟರೆ ಕೆಲಸ ಸಿಗುತ್ತದೋ ಇಲ್ಲವೋ ಎಂಬ ಭಯ ಬೇಡ. ನನಗೆ ಚಿಂತೆಯಿರುವುದು ದುಡ್ಡು ವಸೂಲಾಗುವ ಬಗ್ಗೆ. ನೀವು ಕಳಿಸಿರುವ ಬಿಲ್ ನೋಡಿದೆ: ‘ಲೋಗೊ, 4,000 ರೂಪಾಯಿ’, ಅಷ್ಟೇ. ಎಷ್ಟು ಸಲ ತಿದ್ದಿಕೊಡುತ್ತೀರಿ, ಹಣ ಯಾವಾಗ ಕೊಡಬೇಕು ಎಂಬುದೇ ಇಲ್ಲ. ಹಾಗಾಗಿಯೇ ಆ ಗಿರಾಕಿ ನಿಮ್ಮಿಂದ ಒಂಬತ್ತು ಸಲ ಬಣ್ಣ ಬದಲಾಯಿಸಿಕೊಂಡರು. ‘ಎರಡು ತಿದ್ದುಪಡಿ ಉಚಿತ, ಅರ್ಧ ಹಣ ಮುಂಗಡ’ ಎಂದು ವಾಟ್ಸ್‌ಆ್ಯಪ್‌ನಲ್ಲಾದರೂ ಬರೆದು ಕಳಿಸಿ, ‘ಸರಿ’ ಎಂಬ ಉತ್ತರ ಬಂದ ಮೇಲೆಯೇ ಕೆಲಸ ಹಿಡಿಯಿರಿ. ಪರಿಚಯದವರಾದರೂ ಅಷ್ಟೇ, ಬಾಕಿ ಕೇಳಲು ನಾಲಗೆ ಏಳದಿರುವುದು ಅವರ ಹತ್ತಿರವೇ.

ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಈಗಲೇ ಮಾಡಿಕೊಳ್ಳಿ. ಅದು ಪೂರ್ತಿ ಉಚಿತ, ಮಧ್ಯವರ್ತಿಗೆ ದುಡ್ಡು ಕೊಡಬೇಡಿ. ನೋಂದಣಿಯಾದ ಮೇಲೆ ಮಾಡಿಕೊಟ್ಟ ಕೆಲಸದ ಹಣವನ್ನು ಕಂಪನಿಗಳು 45 ದಿನ ಮೀರಿ ತಡೆಹಿಡಿಯುವಂತಿಲ್ಲ, ತಡೆದರೆ ಬಡ್ಡಿ ಸೇರಿಸಿ ಕೊಡಬೇಕು. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ಗೊಡವೆಯಿಲ್ಲ. ಹಣ ಕೊಡುವಾಗ ಗಿರಾಕಿಗಳು ಟಿಡಿಎಸ್ ಮುರಿದುಕೊಂಡಿದ್ದರೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ. ಹೆಚ್ಚಾಗಿ ಕಟ್ಟಿದ್ದು ವಾಪಸ್ ಬರುತ್ತದೆ.

ರಾಜೀನಾಮೆ ಮಾತ್ರ ಆರು ತಿಂಗಳ ಮನೆಖರ್ಚು ಕೈಯಲ್ಲಿ ಸೇರಿದ ಮೇಲೆ. ನಿಮ್ಮ ಖರ್ಚಿನ ಪಟ್ಟಿಯಲ್ಲಿ ಅಮ್ಮನ ಔಷಧಿ ಬಿಟ್ಟುಹೋಗಿದೆ, ಅದನ್ನೂ ಸೇರಿಸಿ.